ಶಾಗ್ಯದ ಬ್ಯಾಟರಿಯ ಆರಂಭದ ತಾಪ

ಕೌದಳ್ಳಿ ದಾಟಿ ಬೆಟ್ಟದ ಕಡೆಗೆ ಏರು ಶುರುವಾಗುವ ತಿರುವಿನಲ್ಲಿ ಗಾಡಿ ತಾನಾಗಿಯೇ ನಿಂತುಬಿಟ್ಟಿತು. ಹಿಂದಿನ ಬಸ್ಸು ಹಾರ್ನ್ ಹೊಡೆಯುವುದು ಫೋನಿನಲ್ಲಿ ನನಗೂ ಕೇಳಿಸುತ್ತಿತ್ತು.

"ಸಾ, ಮತ್ತೆ ಮನಿಕ್ಕಂತು ಕಣ್ಸಾ. ಕೆಂಪು ಲೈಟು ಉರೀತಾ ಅದೆ. ತಳ್ಳಾವ ಅಂದ್ರೆ ಏರು, ಬುಡಾವ ಅಂದ್ರೆ ಇಂದ್ಗಡೆ ಬಸ್ಸು," ಅಂದ ಚಾಲಕ.

ನಾನು ಕೊಳ್ಳೇಗಾಲದಲ್ಲಿ ಮೇಜಿನ ಮುಂದೆ ಕೂತಿದ್ದೆ. ನನ್ನ ಕಂಪ್ಯೂಟರಿನ ಪರದೆಯ ಮೇಲೆ ಅದೇ ಗಾಡಿ, ಅದೇ ಅಕ್ಕಿ ಮೂಟೆಗಳ ಭಾರ ಹೊತ್ತು, ಅದೇ ತಿರುವನ್ನು ಯಾವ ತೊಂದರೆಯೂ ಇಲ್ಲದೆ ಹತ್ತಿ ಮುಗಿಸಿತ್ತು. ಅಲ್ಲಿ ಬ್ಯಾಟರಿಯ ತಾಪ ನಲವತ್ತಾರು ಡಿಗ್ರಿ. ರಸ್ತೆಯ ಮೇಲೆ ಅರವತ್ತು. ಅರವತ್ತಕ್ಕೆ ಕರೆಂಟು ಕಡಿದುಹೋಗುವಂತೆ ನಾವೇ ಮಾಡಿಟ್ಟಿದ್ದೆವು.

ಮಧುವನಹಳ್ಳಿ ರಸ್ತೆಯ ಪಕ್ಕದ ಒಂದು ಷೆಡ್ಡಿನಲ್ಲಿ ಹಳೆಯ ಡೀಸೆಲ್ ಸರಕು ಆಟೋಗಳ ಎಂಜಿನ್ ಇಳಿಸಿ ಮೋಟಾರು, ಬ್ಯಾಟರಿ ಕೂರಿಸುವ ಕೆಲಸ ನಡೆಯುತ್ತಿತ್ತು. ಷೆಡ್ಡಿನ ಯಜಮಾನ ಕೈಕೆಲಸ ಬಲ್ಲವನು, ಅವಸರದವನು. ಬ್ಯಾಟರಿ ಎಷ್ಟು ಬಿಸಿಯಾಗುತ್ತದೆ, ಅದಕ್ಕೆ ಎಷ್ಟು ಗಾಳಿ ಬೇಕು ಎಂಬ ಲೆಕ್ಕವನ್ನು ನನಗೆ ಒಪ್ಪಿಸಿದ್ದ. ಸೈನ್ಯದ ವರ್ಕ್‌ಷಾಪಿನಲ್ಲೂ ಆಮೇಲೆ ವಾಹನ ಪರೀಕ್ಷಾಲಯದಲ್ಲೂ ಮಾಡಿ ರೂಢಿಯಾಗಿದ್ದ ಕೆಲಸ ಅದು. ಪರೀಕ್ಷೆಗೆಂದು ಎರಡು ಗಾಡಿ ಹೊರಗೆ ಹೋಗಿದ್ದವು. ಒಂದು ಯಳಂದೂರಿಗೆ, ಒಂದು ಹನೂರು ಕಡೆಯ ಶಾಗ್ಯಕ್ಕೆ.

ಗಾಡಿ ನಡುದಾರಿಯಲ್ಲಿ ನಿಲ್ಲುವುದು ಅಷ್ಟು ದೊಡ್ಡ ಭಯವಲ್ಲ. ಶಾಗ್ಯದ ಚಾಲಕನ ಮನೆಯಲ್ಲಿ ರೇಷ್ಮೆ ಸಾಕುತ್ತಾರೆ. ಹುಳುಮನೆಯ ಗೋಡೆಗೆ ಒರಗಿಸಿದ ತಗಡಿನ ಚಪ್ಪರದಡಿ ಗಾಡಿ ನಿಲ್ಲುತ್ತದೆ, ಅಲ್ಲೇ ಚಾರ್ಜಿಗೆ ಹಾಕುತ್ತಾರೆ. ಗೋಡೆಯ ಆಚೆ ಬದಿಯಲ್ಲಿ, ಹುಳುವಿನ ತಟ್ಟೆಗಳ ಅಟ್ಟಣೆಗೂ ಗೋಡೆಗೂ ನಡುವೆ, ಚಾಲಕನ ತಾಯಿ ಚಾಪೆ ಹಾಸಿ ಮಲಗುತ್ತಾರೆ. ಸೊಪ್ಪು ಹಾಕಲು ರಾತ್ರಿಯೂ ಏಳಬೇಕಲ್ಲ. ಮಿತಿಮೀರಿ ಬಿಸಿ ಕಂಡ ಬ್ಯಾಟರಿ ಒಂದು ದಿನ ತಾನೇ ಹೊತ್ತಿಕೊಳ್ಳಬಹುದು. ಹಾಗಾದರೆ ನಡುವೆ ಇರುವುದು ಒಂದು ಇಟ್ಟಿಗೆಯ ಗೋಡೆ, ಅದರ ಮೇಲ್ಭಾಗದಲ್ಲಿ ಗಾಳಿಗೆಂದು ಬಿಟ್ಟ ಕಿಂಡಿಗಳು. ಅರವತ್ತು ಡಿಗ್ರಿ ಎಂದು ಕೇಳಿದಾಗೆಲ್ಲ ನನ್ನ ಕಣ್ಣಿಗೆ ಬರುತ್ತಿದ್ದದ್ದು ಆ ಚಾಪೆ.

"ಗಾಡಿ ವಾಪಸ್ ತರಿಸೋಣ," ಎಂದೆ ಯಜಮಾನನಿಗೆ.

"ಯಾಕೆ ಅಂತ ಕಾರಣ ಯೋಳಿ ಸಾ, ಈಗ್ಲೇ ತರಿಸ್ತೀನಿ. ನಿಮ್ ಕಂಪ್ಯೂಟ್ರು ಎಲ್ಲಾ ಸರಿ ಅಂತದೆ, ಗಾಡಿ ಸರಿ ಇಲ್ಲ ಅಂತದೆ. ನಿಮ್ ಕಂಪ್ಯೂಟ್ರಲ್ಲಿ ಬೆಟ್ಟ ಇಳಿಜಾರಾಗಿ ಕೂತದಾ ಎಂಗೆ?"

ನಾನು ಮತ್ತೆ ಲೆಕ್ಕಕ್ಕೆ ಕೂತೆ.

ಬ್ಯಾಟರಿಯ ಬಿಸಿಯ ಲೆಕ್ಕ ಹೊರನೋಟಕ್ಕೆ ಸುಲಭ. ಸೆಲ್ಲಿನೊಳಗೆ ಕರೆಂಟು ಹರಿದರೆ ಬಿಸಿ ಹುಟ್ಟುತ್ತದೆ. ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಹುಟ್ಟಿದ ಬಿಸಿ ಸೆಲ್ಲಿನ ಒಡಲಿನಿಂದ ಮೈಗೆ, ಮೈಯಿಂದ ಸಾಲುಗಳ ನಡುವಿನ ಗಾಳಿಗೆ, ಗಾಳಿಯಿಂದ ಹೊರಗೆ ಹೋಗಬೇಕು. ನಮ್ಮ ಪೆಟ್ಟಿಗೆಯ ಮುಂದೆ ಗಾಳಿ ಒಳಬರುವ ಜಾಲರಿ, ಹಿಂದೆ ಅದನ್ನು ಎಳೆದು ಹಾಕುವ ಫ್ಯಾನು, ಮುಚ್ಚಳದ ಒಳಮೈಗೆ ಅಂಟಿಸಿದ ಒಂದು ಸೆನ್ಸರ್. ಇವೆಲ್ಲವನ್ನೂ ಸಮೀಕರಣಗಳಾಗಿ ಬರೆದು, ರಸ್ತೆಯ ಏರಿಳಿತ, ಹೊರೆ, ವೇಗ ಕೊಟ್ಟರೆ, ಕಂಪ್ಯೂಟರು ಪ್ರಯಾಣದ ಉದ್ದಕ್ಕೂ ತಾಪದ ಗೆರೆ ಎಳೆದು ಕೊಡುತ್ತದೆ. ಗಾಡಿಯಲ್ಲಿ ದಾಖಲಾದ ಗೆರೆಯನ್ನು ಅದರ ಪಕ್ಕ ಇಟ್ಟು ನೋಡುವುದು. ಎರಡೂ ಒಂದರ ಮೇಲೊಂದು ಕೂತರೆ ಮಾದರಿ, ಅಂದರೆ ಈ ಲೆಕ್ಕ, ಸರಿ.

ಯಳಂದೂರಿನ ಗಾಡಿಯ ಗೆರೆಗಳು ಕೂತಿದ್ದವು. ಶಾಗ್ಯದವು ಕೂರಲಿಲ್ಲ.

ನನ್ನದು ಕಟ್ಟುನಿಟ್ಟಿನ ಕ್ರಮ. ಒಂದು ಸಲಕ್ಕೆ ಒಂದೇ ಅಂಶ ಬದಲಿಸಬೇಕು. ಪ್ರತಿ ಓಟವೂ ವಿಶ್ರಾಂತ ಸ್ಥಿತಿಯಿಂದಲೇ ಆರಂಭವಾಗಬೇಕು, ಅಂದರೆ ಬ್ಯಾಟರಿ ಸುತ್ತಲಿನ ಗಾಳಿಯಷ್ಟೇ ತಣ್ಣಗಿರಬೇಕು. ಶಾಗ್ಯದ ದಾಖಲೆಯಲ್ಲಿ ಬೆಳಿಗ್ಗೆ ಹೊರಡುವಾಗ ಸೆನ್ಸರ್ ದಿನವೂ ಇಪ್ಪತ್ತೇಳರ ಆಸುಪಾಸು ತೋರಿಸುತ್ತಿತ್ತು. ಮಾದರಿಯಲ್ಲೂ ಇಪ್ಪತ್ತೇಳು ಬರೆದೆ. ಅನುಮಾನಪಡಬೇಕಾದ ಸಂಖ್ಯೆಗಳು ಬೇರೆ ಎಷ್ಟೋ ಇದ್ದವು. ಇದೊಂದು ಮಾತ್ರ ಗಟ್ಟಿ ನೆಲ ಎಂದುಕೊಂಡೆ.

ಮೊದಲು ಫ್ಯಾನು. ಜಾಲರಿಗೆ ಧೂಳು ಕಟ್ಟಿ ಗಾಳಿ ಅರ್ಧವಾಗಿರಬಹುದೆಂದು ಮಾದರಿಯಲ್ಲಿ ಗಾಳಿ ಅರ್ಧ ಮಾಡಿದೆ. ಗೆರೆ ಸ್ವಲ್ಪ ಮೇಲೆ ಬಂತು, ಸಾಲಲಿಲ್ಲ. ಆಮೇಲೆ ರಸ್ತೆಯ ಏರು. ಚಾಲಕನ ಪಕ್ಕ ನಾನೇ ಕೂತು ಹೋಗಿ ಅಳೆದುಕೊಂಡು ಬಂದೆ. ಲೆಕ್ಕದಲ್ಲಿದ್ದ ಏರಿಗೂ ನಿಜವಾದದ್ದಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಆಮೇಲೆ ಹೊರೆ.

"ಮೂಟೆ ಜಾಸ್ತಿ ಹಾಕ್ತೀಯೇನಪ್ಪ? ನಿಜ ಹೇಳು," ಎಂದೆ.

"ನಮ್ಮವ್ವನ್ ಆಣೆಗೂ ಇಲ್ಲ ಸಾ. ನೀವು ಯೋಳಿದ್ಕಿಂತ ಒಂದ್ ಮೂಟೆ ಕಮ್ಮೀನೇ. ಅಂಗಡಿಯವ್ರು ಬೈತಾವ್ರೆ, ನಿಂದು ಗಾಡಿನೋ ಗುಬ್ಬಚ್ಚಿನೋ ಅಂತ."

ಕೊನೆಗೆ ಎಂಜಿನಿಯರುಗಳು ನಾಚಿಕೆಯಿಂದ ಮಾಡುವ ಕೆಲಸವನ್ನೂ ಮಾಡಿದೆ. ಸೆಲ್ಲಿನ ಒಳತಡೆಯನ್ನು, ಅಂದರೆ ಕರೆಂಟಿಗೆ ಅಡ್ಡಬಂದು ಬಿಸಿ ಹುಟ್ಟಿಸುವ ಗುಣವನ್ನು, ಸುಮ್ಮನೆ ಒಂದೂವರೆ ಪಟ್ಟು ಹೆಚ್ಚಿಸಿದೆ. ಶಾಗ್ಯದ ಗೆರೆ ಹತ್ತಿರ ಬಂತು. ಅದೇ ಸಂಖ್ಯೆಯನ್ನು ಯಳಂದೂರಿಗೆ ಹಾಕಿದರೆ ಅಲ್ಲಿ ಕೂತಿದ್ದ ಗೆರೆ ಎದ್ದುಹೋಯಿತು. ಎರಡೂ ಪೆಟ್ಟಿಗೆಯಲ್ಲಿ ಇದ್ದದ್ದು ಒಂದೇ ಕಂತೆಯ ಸೆಲ್ಲುಗಳು. ಒಂದು ಊರಿಗೆ ಒಂದು ಭೌತಶಾಸ್ತ್ರ ಇರಲಾರದು. ಆ ಸಂಖ್ಯೆಯನ್ನು ಅಳಿಸಿದೆ.

ಒಂದು ವಿಷಯ ಕಣ್ಣೆದುರೇ ಇತ್ತು. ಶಾಗ್ಯದ ಗಾಡಿ ಹೊರಟು ಊರ ಮುಂದಿನ ಸಮತಟ್ಟು ರಸ್ತೆಯಲ್ಲಿ ಇರುವಾಗಲೇ ಅದರ ಗೆರೆ ಗೋಡೆ ಹತ್ತಿದಂತೆ ನೆಟ್ಟಗೆ ಮೇಲೇರುತ್ತಿತ್ತು. ಅಲ್ಲಿ ಅಷ್ಟು ಬಿಸಿ ಹುಟ್ಟುವುದಕ್ಕೆ ಕಾರಣವೇ ಇಲ್ಲ. ಸೆನ್ಸರ್ ಸರಿಯಾಗಿ ಅಂಟಿಲ್ಲ, ಕುಲುಕಾಟಕ್ಕೆ ಹಾಗೆ ತೋರಿಸುತ್ತಿದೆ ಎಂದು ನನಗೆ ನಾನೇ ಹೇಳಿಕೊಂಡು ಆ ಭಾಗವನ್ನು ಹೋಲಿಕೆಯಿಂದ ಕೈಬಿಟ್ಟಿದ್ದೆ.

ಯಳಂದೂರಿನ ಗಾಡಿಯನ್ನೇ ಬೆಟ್ಟದ ರಸ್ತೆಗೆ ಒಯ್ಯುವುದೆಂದು ನಿಶ್ಚಯಿಸಿದೆ. ಬಯಲಿನಲ್ಲಿ ಓಡಾಡಿದ ಗಾಡಿ, ಏರಿನಲ್ಲಿ ಅದೂ ನಿಂತರೆ ತಪ್ಪು ಬೆಟ್ಟದ್ದು ಎಂದಾಯಿತು. ಅದರ ಚಾಲಕ ನನ್ನ ವಯಸ್ಸಿಗೆ ಹತ್ತಿರದವನು. ದಾರಿಯುದ್ದಕ್ಕೂ ಶಾಗ್ಯದವನನ್ನು ಆಡಿಕೊಂಡ. "ಗಾಡಿ ಓಡ್ಸಕ್ಕೆ ಕೈ ಬೇಕು ಸಾ. ಅವ್ನು ಉಳ ಸಾಕೋನು. ಉಳ ತೆವಳ್ದಂಗೆ ಓಡುಸ್ತಾನೆ." ತಿರುವು ಬಂತು. ನಾನು ಮೀಟರನ್ನೇ ನೋಡುತ್ತಿದ್ದೆ. ಗಾಡಿ ಹತ್ತಿತು. ನಲವತ್ತಾರು. ಮಾದರಿ ಹೇಳಿದ್ದೂ ಅಷ್ಟೇ. ಚಾಲಕ ಮೀಸೆ ತಿರುವಿಕೊಂಡ. ಬೆಟ್ಟದ್ದು ತಪ್ಪಲ್ಲ, ಮಾದರಿಯದೂ ಅಲ್ಲ. ಹಾಗಾದರೆ ಶಾಗ್ಯದ ಪೆಟ್ಟಿಗೆಯೇ ಕೆಟ್ಟಿದೆ.

ಆ ಪೆಟ್ಟಿಗೆಯನ್ನು ಷೆಡ್ಡಿಗೆ ತರಿಸಿದೆ. ನಿಯಮದಂತೆ ಒಂದು ಹಗಲು ಒಂದು ರಾತ್ರಿ ವಿಶ್ರಾಂತಿಗೆ ಬಿಟ್ಟೆ. ಆಮೇಲೆ ಬೆಂಚಿನ ಮೇಲೆ, ಬೆಟ್ಟ ಹತ್ತುವಾಗ ಎಷ್ಟು ಕರೆಂಟು ಎಳೆಯುತ್ತದೋ ಅಷ್ಟನ್ನೇ ಎಳೆದು ನೋಡಿದೆ. ಗೆರೆ ಮಾದರಿಯ ಗೆರೆಯ ಮೇಲೆ ಒಂದು ಕೂದಲೂ ಆಚೀಚೆಯಾಗದೆ ಕೂತಿತು. ಮತ್ತೆ ವಿಶ್ರಾಂತಿ ಕೊಟ್ಟೆ, ಮತ್ತೆ ನೋಡಿದೆ. ಪೆಟ್ಟಿಗೆಯಲ್ಲಿ ಏನೂ ದೋಷವಿಲ್ಲ.

"ಇನ್ನು ಓಗ್ಲಿ ಬುಡಿ ಸಾ," ಎಂದ ಯಜಮಾನ. "ಅವ್ನ ಉಳ ನಾಕ್ನೇ ಜ್ವರ ಎದ್ದವೆ. ಸೊಪ್ಪು ಒಡೀಬೇಕು. ದಿನಾ ಫೋನ್ ಮಾಡಿ ಪ್ರಾಣ ತಿಂತಾವ್ನೆ."

ಹುಳು ಪೊರೆ ಬಿಡುವ ಮುಂಚೆ ತಲೆ ಎತ್ತಿ ಅಲ್ಲಾಡದೆ ಕೂರುವುದನ್ನು ಇಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಎದ್ದ ಮೇಲೆ ಅವುಗಳಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ದೂರದ ತೋಟದಿಂದ ಆ ಸೊಪ್ಪು ಹೊರುವುದು ಈ ಗಾಡಿಯೇ. ತಡೆಯಲು ನನ್ನ ಬಳಿ ಒಂದು ಕಾರಣವೂ ಇರಲಿಲ್ಲ. ಪರೀಕ್ಷೆ ಪಾಸಾದ ಪೆಟ್ಟಿಗೆಯನ್ನು ಯಾವ ಬಾಯಲ್ಲಿ ತಡೆಹಿಡಿಯಲಿ? ಹೋಗಲಿ ಎಂದೆ. ಹೋದ ಮರುದಿನವೇ ಮತ್ತೆ ಐವತ್ತೆಂಟು.

ಆಮೇಲಿನ ದಿನಗಳು ನೆನೆಯಲು ಒಳ್ಳೆಯವಲ್ಲ. ಬೆಳಗಿನ ನಡಿಗೆಗೆ ಹೊರಟವನು ಅರ್ಧ ದಾರಿಯಲ್ಲಿ ನಿಂತು ಸಮೀಕರಣದ ಚಿಹ್ನೆ ತಪ್ಪಾಗಿದೆಯೇ ಎಂದು ಯೋಚಿಸಿ, ಮನೆಗೆ ಓಡಿ ಬಂದು ನೋಡಿ, ಸರಿಯಿರುವುದನ್ನು ಕಂಡು ಕುರ್ಚಿಯಲ್ಲಿ ಕುಸಿಯುತ್ತಿದ್ದೆ. ಗಡ್ಡ ಹೆರೆಯದೆ ಷೆಡ್ಡಿಗೆ ಹೋದೆ; ಅಂಥದ್ದು ನನಗೆ ಜ್ವರ ಬಂದಾಗಲೂ ಆಗಿರಲಿಲ್ಲ. ಯಜಮಾನ ನನ್ನ ಮುಖ ನೋಡಿ ತಮಾಷೆ ಮಾಡುವುದನ್ನು ನಿಲ್ಲಿಸಿದ. ಅದು ತಮಾಷೆಗಿಂತ ಹೆಚ್ಚು ಚುಚ್ಚಿತು. ತಿರುಗಿ ತಿರುಗಿ ಒಂದೇ ಪ್ರಶ್ನೆ. ಎಲ್ಲ ಪರೀಕ್ಷೆಯಲ್ಲೂ ಗೆಲ್ಲುವ ಪೆಟ್ಟಿಗೆ ಆ ಮನೆಯಿಂದ ಹೊರಟಾಗ ಮಾತ್ರ ಯಾಕೆ ಸುಡುತ್ತದೆ?

ಒಂದು ಮುಂಜಾನೆ ಚಾಲಕನ ಫೋನು ಬಂತು. ಗಾಡಿಯ ವಿಷಯವೇ ಅಲ್ಲ ಎಂಬಂತೆ ಮಾತು ಶುರು ಮಾಡಿದ.

"ಸಾ, ಈವತ್ತು ಬೆಟ್ಟದ್ ಕಡೀಕೆ ಓಗಾಕಿಲ್ಲ. ಮನೇಲಿ ವಸಿ ತಾಪತ್ರಯ. ಗ್ವಾಡೆ ಪಕ್ಕದ್ ತಟ್ಟೆಗಳಲ್ಲಿ ಉಳ ಸೊಪ್ಪು ಮುಟ್ತಿಲ್ಲ. ಬಾಗ್ಲ ಕಡೇವು ಸಂದಾಗಿ ತಿಂತಾವೆ. ಗ್ವಾಡೆ ಕಡೇವು ತಲೆ ಆಡಿಸ್ಕಂಡು ಕೂತವೆ. ನಮ್ಮವ್ವ ಅದೇನೋ ಸೀ ಸೀ ವಾಸ್ನೆ ಅಂತಾವ್ಳೆ."

ರೇಷ್ಮೆ ಹುಳುವಿಗೆ ವಾಸನೆ ಆಗದು. ಹುಳುಮನೆಗೆ ಹೋಗುವವರು ಬೀಡಿ ಸೇದುವುದಿಲ್ಲ, ಹೂ ಮುಡಿಯುವುದೂ ಇಲ್ಲ. ಬ್ಯಾಟರಿಯ ಸೆಲ್ ಒಡಲು ಬಿರಿದು ಒಳಗಿನ ದ್ರವ ಆವಿಯಾಗಿ ಹೊರಬಂದರೆ ಸಿಹಿಯಂಥ ವಾಸನೆ ಬರುತ್ತದೆ. ಇವೆರಡೂ ನನಗೆ ಬೇರೆ ಬೇರೆಯಾಗಿ ಗೊತ್ತಿದ್ದ ಸಂಗತಿಗಳು.

"ಚಾರ್ಜರ್ ಹಾಕಿದೆಯಾ?"

"ಹೂಂ ಸಾ."

"ಈಗ ಬ್ಯಾಟರಿ ಎಷ್ಟು ತೋರಿಸ್ತಿದೆ?"

"ಇಪ್ಪತ್ತಾರು. ತಣ್ಣುಗದೆ ಸಾ."

ಇಪ್ಪತ್ತಾರು ಡಿಗ್ರಿಯಲ್ಲಿರುವ ಸೆಲ್ ವಾಸನೆ ಬಿಡುವುದಿಲ್ಲ. ಹುಳು ಸುಳ್ಳು ಹೇಳುವುದಿಲ್ಲ. ಹಾಗಾದರೆ ಸುಳ್ಳು ಹೇಳುತ್ತಿರುವುದು ಆ ಸಂಖ್ಯೆ. ಇಷ್ಟು ದಿನ ನಾನು ಗಟ್ಟಿ ನೆಲವೆಂದು ಕಾಲೂರಿದ್ದ ಸಂಖ್ಯೆ. ಹೊರಟ ಕೂಡಲೇ ನೆಟ್ಟಗೆ ಏರುತ್ತಿದ್ದ ಆ ಗೆರೆ ನೆನಪಾಯಿತು. ಅದು ಹೊಸದಾಗಿ ಹುಟ್ಟುತ್ತಿದ್ದ ಬಿಸಿಯಲ್ಲ. ಒಳಗೆ ಮೊದಲೇ ಕೂಡಿಟ್ಟಿದ್ದ ಬಿಸಿ, ಫ್ಯಾನು ತಿರುಗಿದೊಡನೆ ಹೊರಬಂದು ಮುಚ್ಚಳಕ್ಕೆ ಮುಟ್ಟುತ್ತಿತ್ತು.

"ಚಾರ್ಜರಿನ ಸ್ವಿಚ್ ಮನೆಯೊಳಗಿಂದ ಆರಿಸು. ಅಮ್ಮನ್ನ ಹುಳುಮನೆಯಿಂದ ಆಚೆ ಕರ್ಕೊಂಡು ಬಾ. ನಾವು ಬರೋವರೆಗೆ ಗಾಡಿ ಹತ್ತಿರ ಯಾರೂ ಹೋಗಬಾರದು. ಏನೂ ಕೇಳಬೇಡ, ಮಾಡು!"

ಯಜಮಾನನ ಬೈಕಿನಲ್ಲಿ ಶಾಗ್ಯಕ್ಕೆ ಹೋದೆವು. ಊರು ಹತ್ತಿರವಾದಂತೆ ಹೊಗೆ ಕಾಣುತ್ತದೆಯೇ ಎಂದು ನಾನು ಕತ್ತು ಉದ್ದ ಮಾಡಿ ನೋಡುತ್ತಿದ್ದೆ. ಒಂದು ಕಡೆ ಯಾರೋ ಕಸಕ್ಕೆ ಬೆಂಕಿ ಹಾಕಿದ್ದ ಹೊಗೆ ಕಂಡು ಯಜಮಾನ ಬ್ರೇಕು ಒತ್ತಿದ. ಹೊಗೆಯನ್ನು ದಿಟ್ಟಿಸಿ ಮತ್ತೆ ಹೊರಟ.

ಚಪ್ಪರದಡಿ ಗಾಡಿ ನಿಂತಿತ್ತು. ಬ್ಯಾಟರಿ ಪೆಟ್ಟಿಗೆಯ ಮೇಲೆ, ಮುಚ್ಚಳದಿಂದ ಮುಂದಿನ ಜಾಲರಿಯವರೆಗೆ, ಎರಡು ಪದರ ಗೋಣಿತಾಟು ಬಿಗಿಯಾಗಿ ಹೊದಿಸಿತ್ತು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

"ಇದೇನಿದು?" ನನ್ನ ಸ್ವರ ಏರಿತು.

ಚಾಲಕನ ತಾಯಿ ಮುಂದೆ ಬಂದರು. "ಸೊಪ್ಪು ಬಾಡ್ದಂಗೆ ಒದಿಸ್ತೀವಲ್ಲ ಸಾಮಿ, ಅಂಗೆ. ರಾತ್ರಿ ಎದ್ದಾಗೆಲ್ಲ ಸೊಪ್ಪಿಗೆ ಎಲ್ಡು ಚೊಂಬು, ಇದ್ಕೆ ಎಲ್ಡು ಚೊಂಬು ಉಯ್ತೀನಿ. ಒಂದಿನಾನೂ ತಪ್ಸಿಲ್ಲ."

"ಯಾರು ಹೇಳಿದ್ದು ನಿಮಗೆ?"

"ನೀವೇಯ! ಗಾಡಿ ತಂದ ದಿನ ನೀವೇ ಯೋಳ್ಲಿಲ್ವಾ? 'ತಾಯಿ, ಇದ್ನ ತಣ್ಣುಗೆ ಮಡೀಕಳಿ, ಬಿಸಿ ಆಗ್ಬಾರ್ದು' ಅಂತ ಕೈ ತೋರ್ಸಿ ಯೋಳುದ್ರಿ. ಇವ್ನು ಮರ್ತ್ ಓಯ್ತಾನೆ ಅಂತ ನಾನೇ ನೋಡ್ಕತಿವ್ನಿ."

ಹೇಳಿದ್ದು ನಿಜ. ಹೇಗೆ ಎಂದು ಹೇಳಿರಲಿಲ್ಲ. ಒದ್ದೆ ಗೋಣಿಯಿಂದ ನೀರು ಆರುತ್ತ ಮುಚ್ಚಳ ತಣ್ಣಗಾಗುತ್ತಿತ್ತು. ಮುಚ್ಚಳಕ್ಕೆ ಅಂಟಿದ ಸೆನ್ಸರ್ ಇಪ್ಪತ್ತಾರು ಎನ್ನುತ್ತಿತ್ತು. ಅದೇ ಗೋಣಿ ಜಾಲರಿಯನ್ನು ಮುಚ್ಚಿ ಗಾಳಿಯ ಉಸಿರು ಕಟ್ಟಿಸುತ್ತಿತ್ತು. ಸಂಜೆ ಸೊಪ್ಪು ಹೊತ್ತು ಬಿಸಿಯಾಗಿ ಬಂದ ಬ್ಯಾಟರಿ, ಆ ಬಿಸಿಯಲ್ಲೇ ಚಾರ್ಜಾಗಿ, ಬೆಳಿಗ್ಗೆ ಅದೇ ಬಿಸಿಯಲ್ಲಿ ಹೊರಡುತ್ತಿತ್ತು. ಹೊರಡುವ ಮುಂಚೆ ಗೋಣಿ ತೆಗೆದು ಸೊಪ್ಪಿನ ರಾಶಿಗೆ ಹೊದಿಸುತ್ತಿದ್ದರು, ಹಾಗಾಗಿ ನಾವು ಯಾರೂ ಅದನ್ನು ಕಂಡಿರಲಿಲ್ಲ. ಷೆಡ್ಡಿಗೆ ತಂದಾಗ ನನ್ನ ವಿಶ್ರಾಂತಿಯ ನಿಯಮವೇ ಇದ್ದ ಒಂದು ಸಾಕ್ಷಿಯನ್ನೂ ತಣ್ಣಗೆ ಮಾಡಿ ಅಳಿಸಿಹಾಕಿತ್ತು.

ಗೋಣಿ ಎಳೆದು ಹಾಕಿದೆ. ವಾಸನೆ ಮೂಗಿಗೆ ಹೊಡೆಯಿತು. ಪೆಟ್ಟಿಗೆ ತೆರೆಯುವ ಮುಂಚೆ ಅದು ಗೋಡೆ ಬಿಟ್ಟು ದೂರ ಹೋಗಬೇಕಿತ್ತು. ಬ್ರೇಕು ಬಿಡಿಸಿ, ನಾನು, ಯಜಮಾನ, ಚಾಲಕ ಮೂವರೂ ತಳ್ಳಿ, ಗಾಡಿಯನ್ನು ಕೊಯ್ಲಾದ ಹೊಲದ ನಡುವೆ ನಿಲ್ಲಿಸಿದೆವು. ಆಮೇಲೆ ಮುಚ್ಚಳ ಬಿಚ್ಚಿ ಉದ್ದನೆಯ ತಂತಿಯ ಸೆನ್ಸರನ್ನು ಸೆಲ್ಲುಗಳ ಸಾಲಿನ ನಡುವೆ ಇಳಿಸಿದೆ. ನಲವತ್ತೊಂಬತ್ತು. ಮಧ್ಯದ ಒಂದು ಸೆಲ್ಲಿನ ಮೈ ಹೊಟ್ಟೆಯಂತೆ ಉಬ್ಬಿತ್ತು. ಯಜಮಾನ ನೋಡಿದ. ಕೈ ಹಿಂದಕ್ಕೆ ಎಳೆದುಕೊಂಡ.

"ಈ ಪೆಟ್ಟಿಗೆ ಮುಗೀತು," ಎಂದೆ. "ಇನ್ನು ಇದು ಒಂದು ಗೇಣೂ ಓಡೋದಿಲ್ಲ."

"ಅಂಗಂದ್ರೆ ಎಂಗೆ ಸಾ?" ಚಾಲಕ ಗಾಡಿಗೂ ನನಗೂ ನಡುವೆ ಬಂದು ನಿಂತ. "ಉಳ ಅಣ್ಣಾಗಿ ಗೂಡು ಕಟ್ಟಕ್ಕೆ ಬಂದವೆ. ಮಧ್ಯಾಹ್ನಕ್ಕೆ ಸೊಪ್ಪು ಇಲ್ಲ ಅಂದ್ರೆ ಬೆಳೆ ಓಯ್ತು. ಇದೊಂದ್ ವಾರ ಓಡ್ಸಿ ಆಮ್ಯಾಕೆ ಕೊಡ್ತೀನಿ. ಗೋಣಿ ಆಕಾಕಿಲ್ಲ, ನಿಮ್ ಕಾಲ್ ಇಡೀತೀನಿ."

ಯಜಮಾನ ನನ್ನ ಕಡೆ ನೋಡಿದ. ಒಪ್ಪಲಿ ಎಂದು ಅವನ ಕಣ್ಣು ಬೇಡುತ್ತಿತ್ತು. ನನಗೂ ಒಂದು ಗಳಿಗೆ ಲೆಕ್ಕ ಓಡಿತು. ಕೆಟ್ಟ ಸೆಲ್ ತೆಗೆದು, ಕಡಿಮೆ ಹೊರೆ ಹಾಕಿ... ಆ ಲೆಕ್ಕದಲ್ಲಿ ಪಕ್ಕದ ಸೆಲ್ಲುಗಳ ಸ್ಥಿತಿ ಏನೆಂದು ಬರೆಯುವ ಜಾಗದಲ್ಲಿ ನನಗೆ ಸಂಖ್ಯೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಸಂಖ್ಯೆಯ ಮೇಲೆ ನಾನು ಆಗಲೇ ಸಾಕಷ್ಟು ದಿನ ನಡೆದಿದ್ದೆ.

"ಆಗೋದಿಲ್ಲ. ಯಳಂದೂರಿನ ಗಾಡಿ ಇಲ್ಲಿಗೆ ಬರಲಿ, ಈಗಲೇ," ಎಂದೆ.

ಫೋನಿನಲ್ಲಿ ಯಳಂದೂರಿನವನು ಕೂಗಾಡಿದ್ದು ಹೊಲದಲ್ಲಿದ್ದ ಎಲ್ಲರಿಗೂ ಕೇಳಿಸಿತು. "ಉಳ ಸಾಕೋನ್ಗೆ ನನ್ ಗಾಡಿನಾ? ನಾನೇನ್ ಕೈ ಕಟ್ಕಂಡು ಕೂರ್ಲಾ?" ಆದರೂ ಗಾಡಿ ತಂದ. ತಂದವನು ತಿರುಗಿ ಹೋಗದೆ, ತಾನೇ ತೋಟಕ್ಕೆ ಓಡಿಸಿಕೊಂಡು ಹೋಗಿ, ಬೈದುಕೊಳ್ಳುತ್ತಲೇ ಸೊಪ್ಪು ತುಂಬಿದ. ಗೋಡೆ ಬದಿಯ ತಟ್ಟೆಗಳ ಹುಳುಗಳಲ್ಲಿ ಬಹಳಷ್ಟು ಉಳಿಯಲಿಲ್ಲ. ಮಿಕ್ಕವು ಗೂಡು ಕಟ್ಟಿದವು.

ಷೆಡ್ಡಿಗೆ ಮರಳಿ ಮಾದರಿಯ ಆರಂಭದ ತಾಪವನ್ನು ಇಪ್ಪತ್ತೇಳರಿಂದ ನಲವತ್ತೊಂಬತ್ತಕ್ಕೆ ತಿದ್ದಿದೆ. ಬೇರೆ ಏನನ್ನೂ ಮುಟ್ಟಲಿಲ್ಲ. ಗಾಡಿ ಕಂಪ್ಯೂಟರಿನ ಏರು ಹತ್ತಿತು, ಅದೇ ತಿರುವಿನಲ್ಲಿ ಅರವತ್ತು ಮುಟ್ಟಿ ನಿಂತಿತು. ಎರಡು ಗೆರೆಗಳೂ ಕೂತವು. ಯಜಮಾನ ನನ್ನ ಬೆನ್ನು ತಟ್ಟಿದ. ನನಗೆ ಸಂತೋಷವಾಗಲಿಲ್ಲ. ಉಬ್ಬಿದ ಸೆಲ್ಲಿನ ತಡೆಯನ್ನು ಅಳೆದು ಮಾದರಿಗೆ ಕೊಟ್ಟು, ಗೋಣಿಯ ಕೆಳಗಿನ ರಾತ್ರಿಗಳನ್ನು ಹಾಗೆಯೇ ಮುಂದುವರಿಸಿ ನೋಡಿದೆ. ಕೆಲವು ರಾತ್ರಿ ಗೆರೆ ಏರಿ ಇಳಿಯಿತು. ಆಮೇಲೆ ಒಂದು ರಾತ್ರಿ ಏರಿದ್ದು ಇಳಿಯಲಿಲ್ಲ. ಪರದೆಯ ಮೇಲಂಚು ದಾಟಿ ಹೊರಟುಹೋಯಿತು.

ಗೂಡು ಬಿಡಿಸಿ ಕೊಳ್ಳೇಗಾಲದ ಮಾರುಕಟ್ಟೆಗೆ ತಂದ ದಿನ ಚಾಲಕನ ತಾಯಿಯೂ ಜೊತೆಗೆ ಬಂದಿದ್ದರು. ಗಾಡಿಗೆ ಹೊಸ ಪೆಟ್ಟಿಗೆ ಕೂರಿಸಿಯಾಗಿತ್ತು. ಈಗ ಸೆನ್ಸರ್ ಸೆಲ್ಲುಗಳ ನಡುವೆಯೇ ಇತ್ತು, ತಣ್ಣಗಾಗುವವರೆಗೆ ಚಾರ್ಜರ್ ಹಿಡಿಯುತ್ತಿರಲಿಲ್ಲ. ಗಾಡಿಯನ್ನು ಹುಳುಮನೆಯಿಂದ ದೂರ, ಹೊಂಗೆ ಮರದ ಕೆಳಗೆ ಬಯಲಿನಲ್ಲಿ ನಿಲ್ಲಿಸಬೇಕೆಂದು ಹೇಳಿದ್ದೆ. ಅವರು ಷೆಡ್ಡಿನಲ್ಲಿ ನನ್ನ ಮೇಜಿನ ಬಳಿ ಬಂದು ನಿಂತರು.

"ಆವತ್ತು ನೀವು ಬರ್ದೆ ಇದ್ದಿದ್ರೆ ಏನಾಯ್ತಿತ್ತು ಸಾಮಿ?"

ಆ ಗೆರೆ ಪರದೆಯ ಮೇಲೆಯೇ ಇತ್ತು. ನಾನು ಪರದೆಯನ್ನು ಗೋಡೆಯ ಕಡೆ ತಿರುಗಿಸಿದೆ. "ಹುಳಕ್ಕೆ ತೊಂದರೆ ಆಗ್ತಿತ್ತು ತಾಯಿ."

"ಬರೀ ಉಳಕ್ಕಾ?" ಅವರು ನನ್ನ ಮುಖವನ್ನೇ ನೋಡಿದರು. "ಇಷ್ಟ್ ಓದಿದ್ರೂ ಸುಳ್ ಯೋಳಕ್ಕೆ ಬರಾಕಿಲ್ಲ ನಿಮ್ಗೆ. ಓಗ್ಲಿ ಬುಡಿ. ಈಗ ನೀವೇನೂ ಎದ್ರುಕೋಬ್ಯಾಡಿ. ಯಾರೂ ಗೋಣಿ ಒದಿಸ್ದಂಗೆ ನಾನೇ ಕಾವ್ಲು. ಗಾಡಿ ಪಕ್ದಲ್ಲೇ, ಹೊಂಗೆ ಮರದಡಿ, ಚಾಪೆ ಆಕಂಡಿವ್ನಿ."

ನಾನು ಎದ್ದು ಚಪ್ಪಲಿ ಮೆಟ್ಟಿದೆ. ಗೂಡು ಇಳಿಸಿ ಖಾಲಿಯಾಗಿದ್ದ ಆ ಗಾಡಿಯಲ್ಲೇ ಅವರ ಜೊತೆ ಶಾಗ್ಯಕ್ಕೆ ಹೋದೆ. ಈ ಸಲ ಬಾಯಲ್ಲಿ ಏನೂ ಹೇಳಲಿಲ್ಲ. ಮರದಡಿಯ ಚಾಪೆಯನ್ನು ನಾನೇ ಸುತ್ತಿ, ಹೊತ್ತುಕೊಂಡು ಹೋಗಿ, ಮನೆಯ ನಡುಕೋಣೆಯಲ್ಲಿ ಹಾಸಿ ಬಂದೆ.